ಳಕಾರಕ್ಕೊಂದು ಗುಡಿಸು

ಸೌದಾಮಿನಿಗೆ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ, ಆದರೆ ಒಮ್ಮೆ ಬಂದದ್ದು ಮತ್ತೆ ಹೋಗಲಿಲ್ಲ. ಸನ್ನಿವೇಲಿನ ಅಪಾರ್ಟ್‌ಮೆಂಟಿನ ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿದವಳು ಮತ್ತೆ ಮೇಲೆ ಹೋಗಿ ಹಿಡಿಕೆ ಅಲುಗಿಸಿ ನೋಡುತ್ತಾಳೆ. ಒಲೆ ಆರಿಸಿದ್ದಕ್ಕೆ ಸಾಕ್ಷಿಯಾಗಿ ಅದರ ಫೋಟೋ ತೆಗೆದುಕೊಂಡು ರೈಲು ಹತ್ತುತ್ತಾಳೆ. "ನಿನ್ನ ಫೋನಿನಲ್ಲಿ ನನ್ನ ಫೋಟೋಕ್ಕಿಂತ ಒಲೆಯ ಫೋಟೋ ಜಾಸ್ತಿ ಉಂಟು ಮಾರಾಯ್ತಿ. ನೀನು ಮದುವೆ ಆದದ್ದು ಯಾರನ್ನು?" ಎಂದು ಗಂಡ ಯತೀಶ್ ಕೀಟಲೆ ಮಾಡುತ್ತಾನೆ. ಅವಳು ನಗುತ್ತಾಳೆ, ನಕ್ಕು ಫೋಟೋ ಸರಿ ಬಂದಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ನೋಡುತ್ತಾಳೆ.

ಆದರೆ ಅನ್ನ ಕೊಡುತ್ತಿದ್ದದ್ದೂ ಈ ಹೆದರಿಕೆಯೇ. ಸ್ಯಾನ್ ಮಟಿಯೋದ ಒಂದು ಪೆಥಾಲಜಿ ಲ್ಯಾಬಿನಲ್ಲಿ ಅವಳು ಒಂಬತ್ತು ವರ್ಷದಿಂದ ಟೆಕ್ನಿಶಿಯನ್. ಅವಳ ಪೂರ್ತಿ ಹೆಸರು ಅಲ್ಲಿನ ಯಾವ ಅಮೆರಿಕನ್ನನ ನಾಲಿಗೆಗೂ ಹೊರಳದೆ 'ಮಿನಿ' ಎಂದಾಗಿತ್ತು. ಆಸ್ಪತ್ರೆಗಳಲ್ಲಿ ರೋಗಿಗಳ ಹೊಟ್ಟೆಯೊಳಕ್ಕೆ ಕೊಳವೆ ಬಿಟ್ಟು ಚಿವುಟಿ ತೆಗೆದ ಮಾಂಸದ ಚೂರುಗಳು ಸಣ್ಣ ಸಣ್ಣ ಡಬ್ಬಿಗಳಲ್ಲಿ ಅವಳ ಮೇಜಿಗೆ ಬರುತ್ತವೆ. ಒಂದೊಂದು ಚೂರೂ ಸಾಸಿವೆಗಿಂತ ತುಸು ದೊಡ್ಡದು. ಅದನ್ನು ಮೇಣದಲ್ಲಿ ಹುದುಗಿಸಿ, ಯಂತ್ರಕ್ಕೆ ಕೂಡಿಸಿ, ಕೂದಲಿನ ದಪ್ಪದ ಹದಿನೈದರಲ್ಲಿ ಒಂದು ಪಾಲಿನಷ್ಟು ತೆಳ್ಳಗೆ ಹೆಚ್ಚಬೇಕು. ಹೆಚ್ಚಿದ ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಬರುತ್ತವೆ. ಅದನ್ನು ಬೆಚ್ಚಗಿನ ನೀರಿನ ತಟ್ಟೆಯ ಮೇಲೆ ತೇಲಿಬಿಟ್ಟು, ಕೆಳಗಿನಿಂದ ಗಾಜಿನ ಪಟ್ಟಿ ಹಿಡಿದು ಎತ್ತಿಕೊಳ್ಳಬೇಕು. ಆಮೇಲೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಬೇಕು.

ನೋಡಬೇಕು ಎಂದರೆ, ಬಣ್ಣ ಸರಿ ಹಿಡಿದಿದೆಯೇ, ಪದರ ಮಡಚಿಕೊಂಡಿಲ್ಲವೇ ಎಂದು ಮಾತ್ರ. ಇದು ಯಾವ ಕಾಯಿಲೆ ಎಂದು ಹೇಳುವುದು ಡಾಕ್ಟರ ಕೆಲಸ. ಸೇರಿದ ದಿನವೇ ಅವಳಿಗೆ ಇದನ್ನು ಎರಡು ಸಲ ಹೇಳಿ ಸಹಿ ಮಾಡಿಸಿಕೊಂಡಿದ್ದರು. ರೋಗಿಯ ಹೆಸರು, ಊರು, ಕಾಯಿಲೆ ಯಾವುದೂ ಲ್ಯಾಬಿನ ಬಾಗಿಲು ದಾಟಬಾರದು ಎಂಬುದಕ್ಕೂ ಒಂದು ಸಹಿ ಹಾಕಿದ್ದಳು.

ಆ ಮಂಗಳವಾರ ಬೆಳಿಗ್ಗೆ ಏಳೂವರೆಗೆ ಅವಳು ಹದಿನೇಳನೆಯ ಗಾಜನ್ನು ಕಣ್ಣಡಿಗೆ ಇಟ್ಟಳು. ಸಣ್ಣ ಕರುಳಿನ ಮೊದಲ ಭಾಗದ ಚೂರು. ಬಣ್ಣ ಚೆನ್ನಾಗಿ ಹಿಡಿದಿತ್ತು. ಕರುಳಿನ ಒಳಗೋಡೆ ಸಾಲು ಸಾಲು ಬೆರಳುಗಳಂತೆ ಎದ್ದು ನಿಂತಿತ್ತು, ಬೆರಳುಗಳ ಬುಡದಲ್ಲಿ ಗುಂಡನೆಯ ಸಣ್ಣ ಬಾವಿಗಳು. ಗಾಜನ್ನು ತೆಗೆದಿಡಲು ಕೈ ಮುಂದೆ ಮಾಡಿದವಳು ಅಲ್ಲೇ ನಿಂತುಬಿಟ್ಟಳು.

ಒಂದು ಬಾವಿಯೊಳಗೆ ಏನೋ ಇತ್ತು.

ತೊಂಡೆಕಾಯಿಯನ್ನು ಅಡ್ಡಕ್ಕೆ ಹೆಚ್ಚಿದರೆ ಬಿಲ್ಲೆ, ಉದ್ದಕ್ಕೆ ಹೆಚ್ಚಿದರೆ ಎಸಳು. ತೊಂಡೆಕಾಯಿ ನೋಡದವರ ಮುಂದೆ ಎರಡನ್ನೂ ಇಟ್ಟರೆ ಇವು ಒಂದೇ ಕಾಯಿಯವು ಎಂದು ಅವರು ನಂಬಲಿಕ್ಕಿಲ್ಲ. ಬಾವಿಯೊಳಗೆ ಇದ್ದದ್ದೂ ಹಾಗೆಯೇ. ಮೂರು ಬಿಲ್ಲೆಗಳು, ಪಕ್ಕದಲ್ಲಿ ಒಂದು ಬಾಗಿದ ಎಸಳು. ಬಿಲ್ಲೆಗಳ ಸುತ್ತ ತೆಳ್ಳಗಿನ ಸಿಪ್ಪೆ, ಒಳಗೆ ನೀಲಿ ಚುಕ್ಕಿಗಳು. ಸುತ್ತಮುತ್ತ ಕೆಂಪು ಕಾಳು ತುಂಬಿದ ರಕ್ತಕಣಗಳು ಜಾತ್ರೆ ನೆರೆದ ಹಾಗೆ ನೆರೆದಿದ್ದವು.

ಹುಳ.

ಸೌದಾಮಿನಿಯ ಕೈಬೆರಳು ತಣ್ಣಗಾದವು.

ಈ ಹುಳ ಅವಳಿಗೆ ಹೊಸದಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವಳು ಉಡುಪಿಯಲ್ಲಿ ಉಮಾನಾಥ ಮಾಸ್ಟ್ರ ಲ್ಯಾಬಿನಲ್ಲಿದ್ದಳು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಲಪರೀಕ್ಷೆ. ಚಿಟಿಕೆಯಷ್ಟು ಮಲಕ್ಕೆ ಅಯೋಡಿನ್ ತೊಟ್ಟು ಬಿಟ್ಟು, ಗಾಜಿನ ಕೆಳಗಿಟ್ಟು ಹುಡುಕುವುದು. ಅಕ್ಕಪಕ್ಕದವರು ಅವಳನ್ನು "ಕಕ್ಕಸು ಮೇಡಂ" ಎಂದು ಕರೆದು ನಗುತ್ತಿದ್ದರು. ಅವಳಿಗೆ ಬೇಸರವಿರಲಿಲ್ಲ. ಕೊಕ್ಕೆ ಹುಳದ ಮೊಟ್ಟೆ ಯಾವುದು, ದುಂಡು ಹುಳದ ಮೊಟ್ಟೆ ಯಾವುದು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಿದ್ದಳು.

ಒಂದು ವಿಟ್ಲಪಿಂಡಿಯ ದಿನ, ಎಂದರೆ ಕೃಷ್ಣಾಷ್ಟಮಿಯ ಮರುದಿನದ ಹಬ್ಬ. ಕೃಷ್ಣಮಠದ ಬೀದಿಯಲ್ಲಿ ಹುಲಿವೇಷದ ತಾಸೆ ಡೋಲಿನ ಸದ್ದು ಕೇಳುತ್ತಿತ್ತು. ಲ್ಯಾಬಿಗೆ ಅರ್ಧ ದಿನ ರಜೆ. ಬಾಗಿಲು ಹಾಕುವ ಹೊತ್ತಿಗೆ ದಮ್ಮಿನ ರೋಗಿಯೊಬ್ಬರ ಮಾದರಿ ಬಂತು. ಅವಳು ನೋಡಿದಳು. ದಾರದ ತುಂಡಿನಂಥ ಮರಿಹುಳಗಳು ಹೊರಳಾಡುತ್ತಿದ್ದವು. ಒಂದೆರಡಲ್ಲ, ಲೆಕ್ಕವಿಲ್ಲದಷ್ಟು. ಪುಸ್ತಕದಲ್ಲಿ ಬರೆದಿಟ್ಟಳು. ರಿಪೋರ್ಟು ನಾಳೆ ಕೊಟ್ಟರಾಯಿತು ಎಂದು ಬೀಗ ಹಾಕಿ, ಹುಲಿವೇಷ ನೋಡಲು ಓಡಿದಳು. ಮರುದಿನ ರಿಪೋರ್ಟು ತಲುಪುವಷ್ಟರಲ್ಲಿ ಆ ರೋಗಿಗೆ ಉಸಿರಾಟಕ್ಕೆಂದು ಜೋರು ಸ್ಟಿರಾಯ್ಡ್ ಕೊಡಲು ಶುರು ಮಾಡಿ ಆಗಿತ್ತು. ಹನ್ನೊಂದು ದಿನಕ್ಕೆ ಅವರು ತೀರಿಹೋದರು.

ಉಮಾನಾಥ ಮಾಸ್ಟ್ರು ಬೈಯಲಿಲ್ಲ. ಎದುರು ಕೂರಿಸಿಕೊಂಡು ಹೇಳಿದರು: "ನೋಡು ಮಗಾ, ಇದು ಬರಿಗಾಲಿನ ಹುಳ. ಹಸಿಮಣ್ಣಿನಿಂದ ಅಂಗಾಲು ಕೊರೆದು ಒಳಗೆ ಹೋಗ್ತದೆ. ಕರುಳಿನಲ್ಲಿ ನಲವತ್ತು ವರ್ಷ ಬೇಕಾದರೂ ಸದ್ದಿಲ್ಲದೆ ಇರ್ತದೆ. ಮೈಯ ಕಾವಲು ಇರುವವರೆಗೆ ಅದು ಕಳ್ಳನ ಹಾಗೆ ಮೂಲೆಯಲ್ಲೇ. ಸ್ಟಿರಾಯ್ಡ್ ಕೊಟ್ಟರೆ ಕಾವಲಿನವನಿಗೆ ನಿದ್ದೆಮಾತ್ರೆ ಕೊಟ್ಟ ಹಾಗೆ. ಒಂದು ಸಾವಿರವಾಗಿ ಶ್ವಾಸಕೋಶಕ್ಕೆ, ತಲೆಗೆ, ಎಲ್ಲದಕ್ಕೂ ಹತ್ತುತ್ತದೆ." ಆಮೇಲೆ, "ನೀನು ಕೊಲ್ಲಲಿಲ್ಲ. ಆದರೆ ಇನ್ನು ಮುಂದೆ ನಾಳೆ ಅಂತ ಹೇಳಬೇಡ" ಎಂದರು.

ಅವಳ ಹೆದರಿಕೆ ಹುಟ್ಟಿದ್ದು ಆ ದಿನ.

ಈಗ ಅದೇ ಹುಳ, ಗುಲಾಬಿ ಬಣ್ಣ ಹಚ್ಚಿಕೊಂಡು, ಹೋಳಾಗಿ, ಗಾಜಿನ ಮೇಲೆ ಮಲಗಿತ್ತು. ಆದರೆ ಹುಳವೇ ಹೌದೇ? ಮಲದಲ್ಲಿ ಹೊರಳಾಡುವುದನ್ನು ಅವಳು ಸಾವಿರ ಸಲ ಕಂಡಿದ್ದಳು. ಮಾಂಸದೊಳಗೆ ಸತ್ತು ತುಂಡಾದದ್ದನ್ನು ಪುಸ್ತಕದ ಚಿತ್ರದಲ್ಲಷ್ಟೇ ನೋಡಿದ್ದು. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯೇ ಇತ್ತು. ಮೂರು ವರ್ಷದ ಹಿಂದೆ ಒಬ್ಬರ ಕ್ಯಾನ್ಸರಿನ ಚೂರು ನೀರಿನ ತಟ್ಟೆಯಲ್ಲಿ ಉಳಿದು, ತೇಲಿ ಬಂದು ಇನ್ನೊಬ್ಬರ ಗಾಜಿಗೆ ಅಂಟಿಕೊಂಡಿತ್ತು. ಯಾವ ಕಾಯಿಲೆಯೂ ಇಲ್ಲದ ಮನುಷ್ಯ ಆಪರೇಷನ್ನಿಗೆ ಸಿದ್ಧನಾಗಿದ್ದ. ಕೊನೆಯ ಗಳಿಗೆಯಲ್ಲಿ ತಿಳಿಯಿತು. ಆ ದಿನ ತಟ್ಟೆಯ ಮುಂದೆ ಇದ್ದವಳು ಸೌದಾಮಿನಿ. ಎಚ್ಚರಿಕೆಯ ಪತ್ರ ಬಂತು. ಅಂದಿನಿಂದ ಪ್ರತಿ ಚೂರಿನ ನಂತರವೂ ಅವಳು ನೀರಿನ ಮೇಲೆ ತೆಳುಕಾಗದ ಎಳೆದು ಒರೆಸುತ್ತಾಳೆ, ಒಂದಲ್ಲ, ಮೂರು ಸಲ.

ಇವತ್ತು ಒರೆಸಿದ್ದೆನಾ? ಒರೆಸಿದ್ದೆ. ಮೂರು ಸಲವಾ? ಎರಡು ಸಲ ಒರೆಸಿದ್ದು ನೆನಪಿತ್ತು. ಮೂರನೆಯದು ನೆನಪಿಗೆ ಬರಲಿಲ್ಲ.

ಅವಳು ಏನನ್ನೂ ಹೇಳಲಿಲ್ಲ. ಡಾಕ್ಟರಿಗೆ ಹೋಗುವ ಟ್ರೇಯಲ್ಲಿ ಆ ಗಾಜನ್ನು ಎಲ್ಲಕ್ಕಿಂತ ಮೇಲೆ ಇಟ್ಟಳು. ನನಗೆ ಕಂಡದ್ದು ಡಾಕ್ಟರಿಗೆ ಕಾಣದೆ ಇರುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡಳು.

ಹಿರಿಯ ಡಾಕ್ಟರು ಆ ವಾರ ರಜೆಯಲ್ಲಿದ್ದರು. ಅವರ ಗಾಜುಗಳನ್ನೂ ತನ್ನ ಗಾಜುಗಳನ್ನೂ ಸೇರಿಸಿ ಡಾಕ್ಟರ್ ಹ್ಯಾಲರನ್ ಒಬ್ಬನೇ ನೋಡುತ್ತಿದ್ದ. ನಲವತ್ತು ವರ್ಷದ ಚುರುಕು ಮನುಷ್ಯ. ಕೆಟ್ಟವನಲ್ಲ, ಆದರೆ ಆ ವಾರ ಅವನ ಕಾಫಿ ಲೋಟ ತುಂಬಿದಂತೆಯೇ ತಣ್ಣಗಾಗಿ ಮೇಜಿನ ಮೇಲೆ ಇರುತ್ತಿತ್ತು.

ಮಧ್ಯಾಹ್ನ ಒಂದೂವರೆಗೆ ನೋಡಿ ಮುಗಿಸಿದ ಗಾಜುಗಳು ಜೋಡಿಸಿಡಲು ವಾಪಸು ಬಂದವು. ಯಾವುದಕ್ಕಾದರೂ ಬೇರೆ ಬಣ್ಣ ಹಾಕಲು ಹೇಳಿದ್ದಾರೆಯೇ ಎಂದು ಕಂಪ್ಯೂಟರಿನಲ್ಲಿ ಒಂದೊಂದೇ ರಿಪೋರ್ಟು ತೆರೆದು ನೋಡುವುದು ಅವಳ ಕೆಲಸ. ಹದಿನೇಳನೆಯದನ್ನು ತೆರೆದಳು.

ಹುಳದ ಮಾತೇ ಇರಲಿಲ್ಲ. "ಕೆಂಪು ಕಾಳಿನ ಕಣಗಳು ಬಹಳ ಇವೆ. ಅಲರ್ಜಿಯ ಉರಿಯೂತ ಇರಬಹುದು" ಎಂದಷ್ಟೇ ಬರೆದು ಸಹಿಯಾಗಿತ್ತು. ಸಮಯ ಹನ್ನೊಂದು ನಲವತ್ತು. ಕೆಳಗೆ ರೋಗಿಯ ಡಾಕ್ಟರು ಕಳಿಸಿದ ಚೀಟಿ. ಅವಳು ಅದನ್ನು ಓದಿದಳು.

ಹೆಸರು ಕಮಲವ್ವ. ವಯಸ್ಸು ಎಪ್ಪತ್ತೊಂದು. ಮನೆ ಸನ್ನಿವೇಲ್. ತೂಕ ಇಳಿದಿದೆ, ಆಗಾಗ ದಮ್ಮು. ಮೊಮ್ಮಗಳು ಭಾಷಾಂತರಿಸಿದಂತೆ ರೋಗಿಯ ದೂರು: ಹೊಟ್ಟೆಯಲ್ಲಿ ಹುಳಿ, ಎಷ್ಟೋ ವರ್ಷದಿಂದ. ಕೊನೆಯ ಸಾಲು: ಅಲರ್ಜಿಯ ಲಕ್ಷಣ ಕಂಡುಬಂದರೆ ಇವತ್ತೇ ಸ್ಟಿರಾಯ್ಡ್ ಶುರು.

ಚೀಟಿ ಇಂಗ್ಲಿಷಿನಲ್ಲಿತ್ತು. 'ಸವರ್ ಸ್ಟಮಕ್' ಎಂದು ಬರೆದಿದ್ದರು. ಸೌದಾಮಿನಿ ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡಳು, ಆ ಹೆಸರಿನ ಮುದುಕಿಯ ಬಾಯಲ್ಲಿ ಅದು ಹೇಗೆ ಬಂದಿರಬಹುದು ಎಂದು ಕೇಳಿಸಿಕೊಂಡಳು. ಕಮಲವ್ವ. ಗದಗೋ ಹುಬ್ಬಳ್ಳಿಯೋ ಆ ಕಡೆಯ ಹೆಸರು. ಹೊಟ್ಟ್ಯಾಗ ಹುಳಿ. ಹೊಟ್ಟ್ಯಾಗ ಹುಳಿ ಆಗ್ಯಾವು. ಇಲ್ಲ, ಹುಳಿಗೆ ಎಲ್ಲಾದರೂ 'ಆಗ್ಯಾವು' ಎನ್ನುತ್ತಾರೆಯೇ? ಹುಳಿ ಒಂದು, ಅದಕ್ಕೆ ಬಹುವಚನವಿಲ್ಲ. ಹೊಟ್ಟ್ಯಾಗ ಹುಳಾ ಆಗ್ಯಾವು.

ಅಜ್ಜಿ ಹುಳ ಎಂದಿದ್ದಾಳೆ. ಇಲ್ಲಿ ಹುಟ್ಟಿದ ಮೊಮ್ಮಗಳಿಗೆ ಹುಳಿ ಗೊತ್ತು. ಹುಣಸೆಹುಳಿ, ಹುಳಿ ಮೊಸರು, ಎಲ್ಲ ದಿನಾ ಊಟದ ಮನೆಯಲ್ಲಿ ಕೇಳುವ ಮಾತು. ಹುಳ ಗೊತ್ತಿಲ್ಲ. ಗೋಡೆಯ ಮೇಲೆ ಹರಿದದ್ದೆಲ್ಲ ಅವಳಿಗೆ 'ಬಗ್'. ಳಕಾರಕ್ಕೆ ಒಂದು ಗುಡಿಸು ಕೊಟ್ಟುಬಿಟ್ಟಿದ್ದಾಳೆ ಮಗು. ಆ ಗುಡಿಸಿನ ಕೆಳಗೆ ಹುಳ ಅಡಗಿ ಕೂತಿದೆ.

ಗಡಿಯಾರ ಒಂದು ಐವತ್ತು ತೋರಿಸುತ್ತಿತ್ತು.

ಅವಳು ಹೊರಗೆ ಪಾರ್ಕಿಂಗಿಗೆ ಹೋಗಿ ಯತೀಶನಿಗೆ ಫೋನು ಮಾಡಿದಳು. ರೋಗಿಯ ಹೆಸರು, ಊರು ಏನನ್ನೂ ಹೇಳದೆ, "ಡಾಕ್ಟರಿಗೆ ಕಾಣದ್ದು ನನಗೆ ಕಂಡಿದೆ. ಏನು ಮಾಡಲಿ?" ಎಂದಳು.

"ನಿನಗೆ ಮೊದಲಿನ ಪತ್ರ ಸಾಕಾಗಲಿಲ್ಲವಾ?" ಎಂದ ಯತೀಶ್. "ಡಾಕ್ಟರಿಗೆ ಹೋಗಿ ನೀನು ತಪ್ಪು ಅಂತ ಹೇಳ್ತೀಯಾ? ನೀನು? ಮೊನ್ನೆ ಕಾಸ್ಟ್‌ಕೋ ಅಂಗಡಿಯಲ್ಲಿ ಹಾಳಾದ ಹಾಲು ವಾಪಸು ಕೊಡ್ಲಿಕ್ಕೆ ನನ್ನನ್ನು ಕಳಿಸಿದವಳು ನೀನು."

"ಹೌದು."

"ತಪ್ಪಾದರೆ?"

"ತಪ್ಪಾದರೆ ನನ್ನ ಕೆಲಸ ಹೋಗ್ತದೆ. ಹೇಳದಿದ್ದರೆ..."

ವಿಟ್ಲಪಿಂಡಿಯ ಕತೆ ಯತೀಶನಿಗೆ ಗೊತ್ತಿತ್ತು. "ಒಲೆ ಆರಿಸಿದ್ದೇನಾ ಅಂತ ದಿನಾ ಎರಡೆರಡು ಸಲ ನೋಡ್ತೀಯಲ್ಲ," ಎಂದ. "ಇದನ್ನೂ ಎರಡನೇ ಸಲ ನೋಡು. ಆಮೇಲೆ ಹೇಳು."

ಅದು ಅವಳ ಕೈಗೆ ಸಿಕ್ಕ ಹಗ್ಗವಾಯಿತು. ಮೇಣದ ಗಟ್ಟಿಯಲ್ಲಿ ಚೂರು ಇನ್ನೂ ಉಳಿದಿತ್ತು. ಬೇರೆಯವರ ಹುಳ ತೇಲಿ ಬಂದು ಅಂಟಿದ್ದರೆ ಅದು ಆ ಒಂದು ಗಾಜಿನಲ್ಲಿ ಮಾತ್ರ ಇರುತ್ತದೆ. ಈ ಅಜ್ಜಿಯದೇ ಆಗಿದ್ದರೆ ಇನ್ನೂ ಆಳಕ್ಕೆ ಹೆಚ್ಚಿದರೂ ಸಿಗಬೇಕು. ಆದರೆ ಡಾಕ್ಟರ ಆರ್ಡರ್ ಇಲ್ಲದೆ ಮತ್ತೆ ಹೆಚ್ಚುವಂತಿಲ್ಲ. ಚೂರು ಸಾಸಿವೆಯಷ್ಟೇ. ಹೆಚ್ಚುತ್ತ ಹೋದರೆ ಮುಗಿದೇ ಹೋಗಬಹುದು, ಹುಳವೂ ಸಿಗದೆ, ಚೂರೂ ಉಳಿಯದೆ.

ಅವಳು ಬ್ಲೇಡು ಬದಲಿಸಿದಳು. ತಟ್ಟೆಯ ನೀರು ಚೆಲ್ಲಿ, ತಟ್ಟೆ ತೊಳೆದು, ಹೊಸ ನೀರು ತುಂಬಿ, ಅದು ಬೆಚ್ಚಗಾಗುವ ತನಕ ನಿಂತು ಕಾದಳು. ಗಟ್ಟಿಯ ಮೇಲಿನ ನಂಬರನ್ನು ಬೆರಳಿಟ್ಟು, ಚಿಕ್ಕ ಮಕ್ಕಳ ಹಾಗೆ ಒಂದೊಂದೇ ಅಂಕಿ ಬಾಯಿ ಬಿಟ್ಟು ಓದಿದಳು. ಹೆಚ್ಚುವ ಯಂತ್ರದ ಚಕ್ರಕ್ಕೆ ಕೈ ಇಟ್ಟಳು. ಒಂಬತ್ತು ವರ್ಷದ ರೂಢಿ ಹೆದರಿಕೆಗೆ ಬಗ್ಗಲಿಲ್ಲ. ಹತ್ತು ಪದರ ಬಿಟ್ಟು ಒಂದು, ಇನ್ನೂ ಹತ್ತು ಬಿಟ್ಟು ಇನ್ನೊಂದು, ಮತ್ತೆ ಹತ್ತು ಬಿಟ್ಟು ಮೂರನೆಯದು. ಬಣ್ಣ ಹಿಡಿಯುವ ಮುಕ್ಕಾಲು ಗಂಟೆ ಅವಳು ಯಂತ್ರದ ಮುಂದೆ ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ನಿಂತಿದ್ದಳು.

ಮೊದಲನೆಯ ಗಾಜಿನಲ್ಲಿ ಏನೂ ಇರಲಿಲ್ಲ.

ಅವಳು ಕಣ್ಣು ಮುಚ್ಚಿಕೊಂಡಳು. ಹಾಗಾದರೆ ತೇಲಿ ಬಂದದ್ದೇ. ನನ್ನದೇ ತಪ್ಪು. ಮೂರನೆಯ ಸಲ ಒರೆಸಿಲ್ಲ. ಈಗ ಅನುಮತಿಯಿಲ್ಲದೆ ಒಬ್ಬರ ಮಾಂಸವನ್ನೂ ಹೆಚ್ಚಿ ಹಾಕಿದ್ದೇನೆ. ಎರಡನೆಯ ಗಾಜನ್ನು ಇಡಲೇ ಬೇಡವೇ ಎಂದುಕೊಂಡಳು. ಇಟ್ಟಳು.

ಬಾವಿಯ ಬುಡದಲ್ಲಿ, ಬಾವಿಯ ಗೋಡೆಗೆ ಮೈ ಒತ್ತಿಕೊಂಡು, ಎರಡು ಬಿಲ್ಲೆ. ಮೂರನೆಯದರಲ್ಲಿ ಉದ್ದಕ್ಕೆ ಸೀಳಿದ ಪೂರ್ತಿ ಎಸಳು, ಮೊನಚು ಬಾಲದ ಸಮೇತ.

ಹ್ಯಾಲರನ್‌ನ ಕೋಣೆಯ ಬಾಗಿಲು ತೆರೆದೇ ಇತ್ತು. ಆದರೂ ಅವಳು ತಟ್ಟಿದಳು.

"ಏನು ಮಿನಿ?" ಅವನು ಕಣ್ಣು ತೆಗೆಯದೆ ಕೇಳಿದ.

"ಹದಿನೇಳು. ಬೆಳಗಿನ ಕರುಳು. ನಾನು ಮತ್ತೆ ಹೆಚ್ಚಿದೆ."

"ನಾನು ಹೇಳಿರಲಿಲ್ಲ."

"ಇಲ್ಲ. ಹೇಳಿರಲಿಲ್ಲ." ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. "ಅದರಲ್ಲಿ ಹುಳ ಇದೆ ಡಾಕ್ಟರ್."

ಅವನು ಈಗ ತಲೆ ಎತ್ತಿದ. ಕೋಪವಿರಲಿಲ್ಲ, ಸುಸ್ತಿತ್ತು. "ಲೋಳೆ ಗಟ್ಟಿಯಾಗಿ ಹಾಗೆ ಕಾಣುತ್ತದೆ. ನೋಡಿದ್ದೇನೆ. ಅಲ್ಲದೆ ಚೀಟಿಯಲ್ಲಿ ಹುಳದ ಸುದ್ದಿಯೇ ಇಲ್ಲ. ಹೊಟ್ಟೆಯಲ್ಲಿ ಹುಳಿ ಅಂತಿದೆ."

"ಹುಳಿ ಅಲ್ಲ."

"ಏನು?"

"ಅದು ಹುಳಿ ಅಲ್ಲ. ಆ ಅಜ್ಜಿ ಹುಳಿ ಅಂದಿಲ್ಲ." ಇಂಗ್ಲಿಷ್ ಅವಳ ನಾಲಿಗೆಯಲ್ಲಿ ತೊಡರಿತು. ಮೇಜಿನ ಮೇಲಿದ್ದ ಕಾಗದದ ಮೇಲೆ ಅವಳು ಕನ್ನಡದಲ್ಲಿ 'ಹುಳ' ಎಂದು ಬರೆದಳು. ಪಕ್ಕದಲ್ಲಿ 'ಹುಳಿ' ಎಂದು ಬರೆದಳು. "ಇದು ಹುಳ. ಇದು ಹುಳಿ. ಇಷ್ಟೇ ವ್ಯತ್ಯಾಸ, ಮೇಲಿನ ಈ ಸೊನ್ನೆಯಂಥದ್ದು. ಮೊಮ್ಮಗಳು ಇಲ್ಲಿನವಳು. ಅವಳಿಗೆ ಹುಳಿ ಗೊತ್ತು, ಹುಳ ಗೊತ್ತಿಲ್ಲ. ಅಜ್ಜಿ ಎಷ್ಟೋ ವರ್ಷದಿಂದ ಹೊಟ್ಟೆಯಲ್ಲಿ ಹುಳ ಇದೆ ಎನ್ನುತ್ತಿದ್ದಾಳೆ. ಯಾರಿಗೂ ಕೇಳಿಸಿಲ್ಲ."

ಹ್ಯಾಲರನ್ ಕಾಗದವನ್ನು ನೋಡಿದ. ಎರಡೂ ಅವನಿಗೆ ಒಂದೇ ಥರ ಕಂಡಿರಬೇಕು. ಆಮೇಲೆ ಅವಳು ಹೆದರುತ್ತಿದ್ದ ಪ್ರಶ್ನೆಯನ್ನೇ ಕೇಳಿದ: "ಈ ರೋಗಿ ನಿಮಗೆ ಪರಿಚಯವಾ?"

"ಇಲ್ಲ," ಎಂದಳು ಸೌದಾಮಿನಿ. "ಭಾಷೆ ಪರಿಚಯ."

ಅವನು ಕೈ ಚಾಚಿದ. ಅವಳು ಗಾಜುಗಳನ್ನು ಕೊಟ್ಟಳು. ಅವನು ಮೊದಲನೆಯದನ್ನು ನೋಡಿ ತೆಗೆದಿಟ್ಟ. ಎರಡನೆಯದನ್ನು ನೋಡಿ ಸ್ವಲ್ಪ ತಡೆದ. ಮೂರನೆಯದನ್ನು ಇಟ್ಟು ಬಹಳ ಹೊತ್ತು ಅಲುಗಾಡಲಿಲ್ಲ. ಅವನ ಕುತ್ತಿಗೆ ಕೆಂಪಗಾಗುತ್ತ ಬಂದದ್ದು ಅವಳಿಗೆ ಕಂಡಿತು.

"ಬೆಳಗಿನದು ಕೊಡಿ," ಎಂದ. ಅದನ್ನೂ ನೋಡಿದ. ಆಮೇಲೆ ಒಂದೇ ಮಾತು: "ಸ್ಟಿರಾಯ್ಡ್."

"ಇವತ್ತೇ ಶುರು ಎಂದು ಬರೆದಿದ್ದಾರೆ."

ಅವನು ಆಗಲೇ ಫೋನು ಎತ್ತಿದ್ದ.

ರೋಗಿಯ ಡಾಕ್ಟರು ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಮಾತ್ರೆಯ ಚೀಟಿ ಹನ್ನೆರಡೂವರೆಗೇ ಔಷಧದಂಗಡಿಗೆ ಹೋಗಿತ್ತು. ಅಂಗಡಿಯವರು ಅದನ್ನು ಯಾರೋ ತೆಗೆದುಕೊಂಡು ಹೋದರು ಎಂದರು. ಮನೆಯ ಫೋನು ಯಾರೂ ಎತ್ತಲಿಲ್ಲ. ಮಗನ ಫೋನು ಮೀಟಿಂಗಿನಲ್ಲಿದೆ ಎಂದಿತು. "ಆ ಡಾಕ್ಟರು ಫೋನು ಮಾಡುತ್ತಲೇ ಇರುತ್ತಾರೆ. ನೀವು ಮನೆಗೆ ಹೋಗಿ," ಎಂದ ಹ್ಯಾಲರನ್. ಹೊರಡುವಾಗ ಮತ್ತೆ ಕರೆದು ಹೇಳಿದ: "ಮತ್ತೆ ಹೆಚ್ಚಲು ಆರ್ಡರ್ ಈಗ ಹಾಕುತ್ತೇನೆ, ಈಗಿನ ಸಮಯಕ್ಕೇ. ಸುಳ್ಳು ಸಮಯ ಹಾಕಲಾರೆ. ನಿಮ್ಮನ್ನು ಕೇಳುತ್ತಾರೆ. ಕೇಳಿದಾಗ ನಾನೂ ಬರುತ್ತೇನೆ."

"ಒಂದು ಮಾತ್ರ ತಿಳಿಸುತ್ತೀರಾ ಡಾಕ್ಟರ್? ಸಿಕ್ಕರೋ ಇಲ್ಲವೋ ಎಂದು. ಬೇರೆ ಏನೂ ಬೇಡ."

ಅವನು ತಲೆಯಾಡಿಸಿದ.

ರೈಲಿನಲ್ಲಿ ಅವಳು ಫೋನನ್ನು ಅಂಗೈಯಲ್ಲಿ ಹಿಡಿದೇ ಕೂತಿದ್ದಳು. ಎದುರಿನ ಸೀಟಿನ ಹುಡುಗಿ ಅವಳ ಮುಖ ನೋಡಿ ನೀರಿನ ಬಾಟಲಿ ಮುಂದೆ ಮಾಡಿದಳು. ಬೇಡವೆಂದಳು. ಒಂದು ಮಾತ್ರೆಗೆ ಏನೂ ಆಗುವುದಿಲ್ಲ ಎಂದು ಬುದ್ಧಿಗೆ ಗೊತ್ತಿತ್ತು. ಆದರೂ ಫೋನು ಬೆಳಗಿದೆಯೇ ಎಂದು ಮತ್ತೆ ಮತ್ತೆ ನೋಡಿದಳು. ಆ ಮನೆಯವರು ಫೋನು ಎತ್ತದೆ ಇವತ್ತಿನ ದಿನ ಕಳೆದರೆ ನಾಳೆ. ನಾಳೆಯೂ ಹಾಗೇ ಆದರೆ?

ಸನ್ನಿವೇಲಿನಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಚೀಟಿಯಲ್ಲಿದ್ದ ವಿಳಾಸವನ್ನು ಅವಳು ಬರೆದುಕೊಂಡಿರಲಿಲ್ಲ, ಬರೆದುಕೊಳ್ಳುವಂತಿಲ್ಲ. ಆದರೆ ನಂಬರುಗಳನ್ನು ಮೂರು ಸಲ ಓದುವವಳಿಗೆ ಮರೆಯುವುದು ಹೇಗೆ? ತನ್ನ ಅಪಾರ್ಟ್‌ಮೆಂಟಿಗೆ ಎಡಕ್ಕೆ ತಿರುಗಬೇಕಾದ ಕಡೆ ಅವಳ ಕಾಲು ನೆಟ್ಟಗೆ ನಡೆದವು. ಹತ್ತು ನಿಮಿಷದ ದಾರಿ. ಎರಡಂತಸ್ತಿನ ಸಾಲುಮನೆಗಳು. ಮೇಲಿನ ಒಂದು ಬಾಗಿಲಿನ ಮುಂದೆ ಹಸಿರು ಬಳೆ ತೊಟ್ಟ ಕೈಯೊಂದು ಕುಂಡದ ತುಳಸಿಗೆ ಚೊಂಬಿನಲ್ಲಿ ನೀರು ಹಾಕುತ್ತಿತ್ತು.

ಹತ್ತಿ ಹೋಗಿ ಬಾಗಿಲು ತಟ್ಟಿದರೆ ಎರಡು ಮಾತು ಸಾಕು: ಮಾತ್ರೆ ತಗೋಬೇಡಿ. ಆ ಎರಡು ಮಾತಿಗೆ ಅವಳು ಸಹಿ ಹಾಕಿದ ಕಾಗದ, ಒಂಬತ್ತು ವರ್ಷದ ಕೆಲಸ, ಎಲ್ಲ ಹೋಗುತ್ತದೆ. ಅವಳು ಮೆಟ್ಟಿಲಿನ ಕಂಬಿ ಹಿಡಿದಳು. ಕಂಬಿ ಬಿಸಿಲಿಗೆ ಕಾದಿತ್ತು. ಉಮಾನಾಥ ಮಾಸ್ಟ್ರ ದನಿ ಕಿವಿಯಲ್ಲೇ ಇತ್ತು. ಒಂದು ಮೆಟ್ಟಿಲು ಹತ್ತಿದಳು. ಎರಡು. ಮೂರನೆಯ ಮೆಟ್ಟಿಲಿಗೆ ಕಾಲಿಡುವಾಗ ಅಂಗೈಯ ಫೋನು ಗುಂಯ್ಗುಟ್ಟಿತು.

ಹ್ಯಾಲರನ್ ಬರೆದಿದ್ದ: "ಮಗ ಸಿಕ್ಕ. ಪೊಟ್ಟಣ ಅವನ ಕಾರಿನಲ್ಲೇ ಇದೆ, ಇನ್ನೂ ಮನೆಗೆ ತಂದಿಲ್ಲ. ನಾಳೆ ರಕ್ತಪರೀಕ್ಷೆ."

ಅವಳು ಮೂರನೆಯ ಮೆಟ್ಟಿಲಿನ ಮೇಲೆಯೇ ಕೂತುಬಿಟ್ಟಳು. ಮೇಲಿನಿಂದ ತುಳಸಿಯ ನೀರು ತೊಟ್ಟು ತೊಟ್ಟಾಗಿ ಅವಳ ಹೆಗಲ ಮೇಲೆ ಬಿತ್ತು. ಮೇಲೆ ಯಾರೋ "ಯಾರಬೇ ಕೆಳಗ?" ಎಂದರು. ಸೌದಾಮಿನಿ ಎದ್ದು, ಉತ್ತರ ಕೊಡದೆ, ಕಳ್ಳಿಯ ಹಾಗೆ ಸರಸರ ನಡೆದು ರಸ್ತೆ ಸೇರಿದಳು.

ಲ್ಯಾಬಿನ ಮೇಲಧಿಕಾರಿಗಳು ಅವಳನ್ನು ಕೇಳಿದರು. ಹ್ಯಾಲರನ್ ಹೇಳಿದಂತೆಯೇ ಬಂದ, ತಾನು ತಪ್ಪಿದ್ದನ್ನು ತಾನೇ ಹೇಳಿದ, ರಿಪೋರ್ಟನ್ನು ತನ್ನ ಹೆಸರಿನಲ್ಲೇ ತಿದ್ದಿದ. ಆದರೂ ಆರ್ಡರ್ ಇಲ್ಲದೆ ಹೆಚ್ಚಿದ್ದಕ್ಕೆ ಅವಳಿಗೆ ಎರಡನೆಯ ಪತ್ರ ಬಂತು. ಯತೀಶ್ ಎರಡೂ ಪತ್ರಗಳನ್ನು ಪಾಸ್‌ಪೋರ್ಟಿನ ಚೀಲದಲ್ಲಿಟ್ಟ. "ಮೊದಲನೆಯದು ಒರೆಸದಿದ್ದಕ್ಕೆ, ಎರಡನೆಯದು ಹೆಚ್ಚಿದ್ದಕ್ಕೆ. ನಿನ್ನನ್ನು ಇಟ್ಟುಕೊಂಡವರ ಕಷ್ಟ ನನಗೆ ಗೊತ್ತುಂಟು," ಎಂದ.

ರೋಗಿ ಏನಾದಳು ಎಂದು ಅವಳು ಕೇಳುವಂತಿರಲಿಲ್ಲ. ಏಳು ವಾರ ದಿನಾ ಬೆಳಿಗ್ಗೆ ಗಾಜಿನ ಟ್ರೇ ಇಳಿಸುವಾಗ ಆ ಹೆಸರು ಮತ್ತೆ ಬಂದಿದೆಯೇ ಎಂದು ಕಣ್ಣು ಹುಡುಕುತ್ತಿತ್ತು. ಬರಲಿಲ್ಲ. ಬರದೆ ಇದ್ದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂಬುದು ಅವಳ ಹೊಸ ಹೆದರಿಕೆಯಾಯಿತು.

ಒಂದು ಶನಿವಾರ ಮಧ್ಯಾಹ್ನ ಸನ್ನಿವೇಲಿನ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ಒಬ್ಬ ಮುದುಕಿ, ಇಳಕಲ್ ಸೀರೆ, ಕೈತುಂಬ ಹಸಿರು ಬಳೆ. ಪಕ್ಕದಲ್ಲಿ ಹದಿಮೂರು ಹದಿನಾಲ್ಕರ ಹುಡುಗಿ. ಮುದುಕಿ ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ಮಾತಾಡುತ್ತಿದ್ದಳು.

"ನಾ ಮದಲಿಂದಾ ಬಡಕೊಂಡೆ, ಹೊಟ್ಟ್ಯಾಗ ಹುಳಾ ಆಗ್ಯಾವು, ಹರದಾಡ್ತಾವು ಅಂತ. ಯಾರ್ ಕೇಳ್ತಾರ? ನಮ್ಮ ಭಾವನಾ ಡಾಕ್ಟರಗ ಏನ್ ಹೇಳ್ಯಾಳ ಗೊತ್ತೇನು? ಸವರ್ ಅಂತ! ಹುಣಸಿಹಣ್ಣ ತಿಂದಂಗ!"

"ಅಜ್ಜೀ, ಐ ಸೆಡ್ ಸಾರಿ!" ಎಂದಳು ಹುಡುಗಿ, ಮುಖ ಕೆಂಪು ಮಾಡಿಕೊಂಡು.

"ನೋಡ್ರಿ, ಆಗ ಸವರ್ ಅಂದಳು, ಈಗ ಸಾರಿ ಅಂತಾಳ. ಈಕಿ ಬಾಯಾಗ ಎಲ್ಲಾ ಒಂದ."

ಸಾಲಿನವರೆಲ್ಲ ನಕ್ಕರು. ಮುದುಕಿ ಹುಡುಗಿಯ ತಲೆಯ ಮೇಲೆ ಕೈಯಾಡಿಸಿದಳು. "ಎರಡ ದಿನ ಗುಳಿಗಿ ಕೊಟ್ರು. ಎರಡ ದಿನ! ಈಗ ದಮ್ಮೂ ಇಲ್ಲ, ಹೊಟ್ಟಿ ಬ್ಯಾನಿನೂ ಇಲ್ಲ. ಯಾರೋ ಪುಣ್ಯಾತ್ಮರು ದುರ್ಬೀನದಾಗ ನೋಡಿ ಹಿಡದಾರಂತ."

ಸೌದಾಮಿನಿಯ ಕಣ್ಣು ಕೆಳಗಿಳಿಯಿತು. ದೇವಸ್ಥಾನವಾದ್ದರಿಂದ ಎಲ್ಲರದೂ ಬರಿಗಾಲು. ಕಮಲವ್ವನ ಹಿಮ್ಮಡಿಗಳು ಎರೆಹೊಲ ಬಿರಿದ ಹಾಗೆ ಬಿರಿದಿದ್ದವು. ಅವುಗಳಲ್ಲಿ ಯಾವುದೋ ಒಂದು ಬಿರುಕಿನಿಂದ, ಎಷ್ಟೋ ವರ್ಷದ ಹಿಂದೆ, ಯಾವುದೋ ಹಸಿ ನೆಲದಿಂದ ಅದು ಒಳಗೆ ಹೊಕ್ಕಿತ್ತು. ಹೊಕ್ಕ ಊರಿನಿಂದ ಇಷ್ಟು ದೂರ ಬಂದು ಅವಳ ಬ್ಲೇಡಿಗೆ ಸಿಕ್ಕಿತ್ತು. ಹೇಳಬೇಕೆಂಬ ಮಾತು ಗಂಟಲಿನವರೆಗೆ ಬಂತು. ಆ ಸಹಿ ನೆನಪಾಗಿ ನುಂಗಿದಳು.

"ನೀ ಯಾವೂರಾಕಿ ತಂಗಿ?" ಕಮಲವ್ವ ತಿರುಗಿ ಕೇಳಿದಳು.

"ಉಡುಪಿ ಕಡೆಯವಳು ಅಜ್ಜಿ."

"ಏನ್ ಕೆಲಸಾ ಮಾಡ್ತಿ?"

"ಹೆಚ್ಚುವ ಕೆಲಸ."

"ಕಾಯಿಪಲ್ಲೆ?"

"ಹೂಂ. ತುಂಬಾ ತೆಳ್ಳಗೆ ಹೆಚ್ಚಬೇಕು."

"ಹೋಟೆಲ್ದಾಗ ಇರಬೇಕು," ಎಂದು ಕಮಲವ್ವ ಮರುಕದಿಂದ ಅವಳ ಕೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದಳು. "ಅಯ್ಯ, ಎಷ್ಟ್ ತಣ್ಣಗ ಅದಾವಲ್ಲಬೇ! ಬೆರಳ ಜ್ವಾಕಿ ತಂಗಿ, ಈಳಗಿ ಯಾರ ಮಾತೂ ಕೇಳೂದಿಲ್ಲ." ಆಮೇಲೆ ಪಕ್ಕಕ್ಕೆ ಸರಿದು ಅವಳನ್ನು ಮೆಲ್ಲಗೆ ತನ್ನ ಮುಂದಕ್ಕೆ ತಳ್ಳಿದಳು. "ಸಾಲು ಸರೀತು. ಹಿಂಗ ಅಂಜ್ಕೋತ ನಿಂತ್ರ ಅನ್ನ ತೀರಿ ಹೋಗ್ತದ. ನಡಿ, ನೀ ಮುಂದ ನಡಿ."